ಒಂದೇ ನಂಬರ್, ಬೇರೆ ಬೇರೆ ಹಡಗು: ನೌಕಾಪಡೆಯ ಧಾರಾವಾಹಿಗಳಲ್ಲಿ ಯಾವುದು ತಪ್ಪು, ಯಾವುದು ಅಲ್ಲ

ಪ್ರಶ್ನೆ: ಬಿಬಿಸಿಯ ಹಳೆಯ ಧಾರಾವಾಹಿ ‘ವಾರ್‌ಶಿಪ್’ ನೋಡುತ್ತಿದ್ದೇನೆ. ಎಚ್‌ಎಂಎಸ್ ಹೀರೋ ಅನ್ನುವ ಫ್ರಿಗೇಟ್‌ನ (ಮಧ್ಯಮ ಗಾತ್ರದ ಯುದ್ಧಹಡಗಿನ) ಕಥೆ. ಆದರೆ ಆ ಹಡಗು ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ, ನಂಬರ್ ಮಾತ್ರ ಅದೇ. ತೋಳಿನ ಮೇಲೆ ಮೂರೇ ಪಟ್ಟಿ ಇರುವ ಅಧಿಕಾರಿಯನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಇನ್ನೊಂದು ಬ್ರಿಟಿಷ್ ನೌಕಾ ಧಾರಾವಾಹಿಯಲ್ಲಿ ಅಧಿಕಾರಿಗಳು ರಾಣಿಯ ಹೆಸರಲ್ಲಿ ಟೋಸ್ಟ್ ಮಾಡುವಾಗ, ಅಂದರೆ ಗೌರವಕ್ಕೆ ಗ್ಲಾಸ್ ಎತ್ತಿ ಕುಡಿಯುವಾಗ, ಯಾರೂ ಕುರ್ಚಿಯಿಂದ ಏಳಲೇ ಇಲ್ಲ. ಇವೆಲ್ಲ ತಪ್ಪುಗಳಾ? ನಿಜವಾದ ತಪ್ಪನ್ನು ಗುರುತಿಸುವುದು ಹೇಗೆ?

ಉತ್ತರ: ನೀವು ಕೇಳಿದ ಮೂರರಲ್ಲಿ ಒಂದೇ ಒಂದು ನಿಜವಾದ ತಪ್ಪು. ಉಳಿದೆರಡು ಸರಿಯಾಗೇ ಇವೆ. ನೌಕಾಪಡೆಯ ಕಥೆಗಳಲ್ಲಿ ಹೀಗಾಗುವುದು ಜಾಸ್ತಿ. ವಿಚಿತ್ರವಾಗಿ ಕಂಡದ್ದು ನಿಜ ಇರುತ್ತದೆ, ಸಹಜವಾಗಿ ಕಂಡದ್ದು ಸುಳ್ಳಿರುತ್ತದೆ. ನನ್ನ ಲೆಕ್ಕ ಇಷ್ಟೇ. ನಂಬರ್, ಬಟ್ಟೆ, ಬಣ್ಣ ತಪ್ಪಿದರೆ ಬೇಜಾರಾಗುತ್ತದೆ, ಆದರೆ ಸಹಿಸಿಕೊಳ್ಳಬಹುದು. ದೂರ ಮತ್ತು ಸಮಯ ತಪ್ಪಿದರೆ ಕಥೆಯೇ ಬಿದ್ದುಹೋಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಹೀರೋ ಹಡಗು.

‘ವಾರ್‌ಶಿಪ್’ 1973ರಿಂದ 1977ರವರೆಗೆ ಪ್ರಸಾರವಾಯಿತು. ನಾಲ್ಕು ಸರಣಿ, ಒಟ್ಟು 45 ಕಂತು. ಹೀರೋ ಅನ್ನುವ ಫ್ರಿಗೇಟ್ ಕಥೆಯಲ್ಲಿ ಮಾತ್ರ ಇತ್ತು. ಅದರ ಪಾತ್ರ ಮಾಡಿದ್ದು ಮುಖ್ಯವಾಗಿ ಎಚ್‌ಎಂಎಸ್ ಫೀಬಿ. ತೆರೆಯ ಮೇಲೆ ಕಾಣುವ ಎಫ್42 ಅನ್ನುವ ನಂಬರ್ ಫೀಬಿಯ ಸ್ವಂತದ್ದು. ಆದರೆ ಫೀಬಿ ನಿಜವಾದ ಯುದ್ಧಹಡಗು. ಅದಕ್ಕೆ ತನ್ನದೇ ಕೆಲಸ, ಗಸ್ತು, ರಿಪೇರಿ ಇದ್ದವು. ಟೀವಿಯವರು ಕೇಳಿದಾಗಲೆಲ್ಲ ಸಿಗುತ್ತಿರಲಿಲ್ಲ. ಆಗ ಅದೇ ಲಿಯಾಂಡರ್ ವರ್ಗದ ಡಿಡೋ, ಜೂನೋ, ಜೂಪಿಟರ್ ಮುಂತಾದ ಹಡಗುಗಳ ಮೇಲೆ ಎಫ್42 ಎಂದು ಬರೆದು ಚಿತ್ರೀಕರಣ ಮಾಡಿದರು. ಒಂದೇ ಪಾತ್ರಕ್ಕೆ ಅಣ್ಣತಮ್ಮಂದಿರನ್ನು ಕರೆದು ಒಂದೇ ಅಂಗಿ ತೊಡಿಸಿದ ಹಾಗೆ.

ಅಣ್ಣತಮ್ಮಂದಿರು ಒಂದೇ ಥರ ಕಾಣುತ್ತಾರೆ, ಆದರೆ ಒಬ್ಬರೇ ಅಲ್ಲ ಅಲ್ವಾ? ಬ್ರಿಟಿಷ್ ನೌಕಾಪಡೆಗೆ 26 ಲಿಯಾಂಡರ್ ಫ್ರಿಗೇಟ್‌ಗಳು ಕಟ್ಟಲ್ಪಟ್ಟವು. ಮೂರು ತಂಡಗಳಲ್ಲಿ ಬಂದವು. ಕೊನೆಯ ಹತ್ತು ಹಡಗುಗಳು ಮೊದಲಿನವಕ್ಕಿಂತ ಎರಡು ಅಡಿ ಅಗಲ. ಡಿಡೋ ಮೊದಲ ತಂಡದ್ದು, ಫೀಬಿ ಮತ್ತು ಜೂನೋ ಎರಡನೆಯದ್ದು, ಜೂಪಿಟರ್ ಮೂರನೆಯದ್ದು. ಕೆಲವು ಹಡಗುಗಳ ಹಿಂಭಾಗದಲ್ಲಿ ನೀರಿಗೆ ಇಳಿಬಿಡುವ, ಶಬ್ದದಿಂದ ಸಬ್‌ಮರೀನ್ ಹುಡುಕುವ ಸೋನಾರ್‌ಗೆ ಒಂದು ಗುಂಡಿ ಇತ್ತು. ಕೆಲವದರಲ್ಲಿ ಅದನ್ನು ಮುಚ್ಚಿದ್ದರು. ಕಂಬದ ಮೇಲಿನ ಆಂಟೆನಾಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ. ಇದರ ಮೇಲೆ, ಧಾರಾವಾಹಿ ಓಡುತ್ತಿದ್ದ ಕಾಲದಲ್ಲೇ ಈ ವರ್ಗದ ಹಲವು ಹಡಗುಗಳ ಮುಂದಿನ ಜೋಡಿ ಫಿರಂಗಿಯನ್ನು ಕಿತ್ತು ಕ್ಷಿಪಣಿ ಕೂರಿಸುತ್ತಿದ್ದರು. ಫೀಬಿಗೂ ಫಿರಂಗಿ ಹೋಗಿ ಎಕ್ಸೊಸೆಟ್ ಕ್ಷಿಪಣಿ ಬಂತು. ಹಾಗಾಗಿ ನಿಮ್ಮ ಕಣ್ಣು ಸರಿಯಾಗೇ ನೋಡಿದೆ. ಹಡಗು ನಿಜಕ್ಕೂ ಬದಲಾಗಿದೆ.

ಇದನ್ನು ನಾನು ಪೂರ್ತಿ ಕ್ಷಮಿಸುತ್ತೇನೆ. ಇನ್ನೊಂದು ದಾರಿ ಅಂದರೆ ಸ್ಟುಡಿಯೋ ತೊಟ್ಟಿಯಲ್ಲಿ ಮಾದರಿ ಹಡಗು ತೇಲಿಸುವುದು. ಅದಕ್ಕಿಂತ ನಿಜವಾದ ಉಕ್ಕು, ನಿಜವಾದ ಅಲೆ, ನಿಜವಾಗಿ ಓಲಾಡುವ ಡೆಕ್ ಎಷ್ಟೋ ಮೇಲು. ಜೊತೆಗೆ ಈ ಸರಣಿಯನ್ನು ರೂಪಿಸಿದವರಲ್ಲಿ ಇಯನ್ ಮ್ಯಾಕಿಂಟಾಷ್ ಸ್ವತಃ ನೌಕಾಪಡೆಯ ಅಧಿಕಾರಿ. ಹಾಗಾಗಿ ಯಾರು ಯಾರಿಗೆ ಏನು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಅನ್ನುವ ವಿಷಯದಲ್ಲಿ ಧಾರಾವಾಹಿ ಗಟ್ಟಿಯಾಗಿದೆ.

ಅಮೆರಿಕದವರೂ ಇದೇ ಉಪಾಯ ಮಾಡುತ್ತಾರೆ. 2014ರಿಂದ 2018ರವರೆಗೆ ಬಂದ ‘ದಿ ಲಾಸ್ಟ್ ಶಿಪ್’ನಲ್ಲಿ ನೇಥನ್ ಜೇಮ್ಸ್ ಅನ್ನುವ ಡೆಸ್ಟ್ರಾಯರ್ ಇದೆ, ನಂಬರ್ 151. ಅದೂ ಕಾಲ್ಪನಿಕ. ಚಿತ್ರೀಕರಣಕ್ಕೆ ಸಿಕ್ಕಿದ್ದು ಯುಎಸ್‌ಎಸ್ ಹಾಲ್ಸಿಯಂಥ ಅಸಲಿ ಹಡಗುಗಳು. ಹಾಲ್ಸಿಯ ನಂಬರ್ 97. ಇದು ಆರ್ಲೀ ಬರ್ಕ್ ವರ್ಗ. ಈ ವರ್ಗದಲ್ಲಿ ಒಂದು ಒಳ್ಳೆಯ ಗುರುತು ಇದೆ. ಮೊದಲ ಕಾಲದ ಬರ್ಕ್‌ಗಳ ಹಿಂದೆ ಹೆಲಿಕಾಪ್ಟರ್ ಇಳಿಯುವ ಡೆಕ್ ಇದೆ, ಆದರೆ ಅದನ್ನು ಒಳಗೆ ಇಡುವ ಹ್ಯಾಂಗರ್ ಇಲ್ಲ. ಹಾಲ್ಸಿಯಂಥ ನಂತರದ ಹಡಗುಗಳಿಗೆ ಎರಡು ಹ್ಯಾಂಗರ್. ಯಾವುದೇ ಧಾರಾವಾಹಿಯಲ್ಲಿ ಹೆಲಿಕಾಪ್ಟರ್‌ನ್ನು ಒಳಗೆ ತಳ್ಳಿ ಬಾಗಿಲು ಹಾಕಿದ ಮೇಲೆ, ಆಕಾಶದಿಂದ ತೆಗೆದ ಶಾಟ್‌ನಲ್ಲಿ ಹ್ಯಾಂಗರ್ರೇ ಕಾಣದಿದ್ದರೆ, ಅದು ಯಾವುದೋ ಹಳೆಯ ದಾಸ್ತಾನಿನಿಂದ ತಂದ ದೃಶ್ಯ ಅಂತ ತಿಳಿಯಿರಿ.

ದಾಸ್ತಾನಿನ ದೃಶ್ಯ ಹಿಡಿಯಲು ವಿಮಾನವಾಹಕ ಹಡಗುಗಳು ಇನ್ನೂ ಸುಲಭ. ಅಮೆರಿಕದ ನೌಕಾಪಡೆಯ ವಿಮಾನಗಳ ಬಾಲದ ಮೇಲೆ ಎರಡು ಅಕ್ಷರ ಇರುತ್ತದೆ. ಮೊದಲಕ್ಷರ ಎ ಆದರೆ ಅಟ್ಲಾಂಟಿಕ್ ಪಡೆ, ಎನ್ ಆದರೆ ಪೆಸಿಫಿಕ್ ಪಡೆ. ಎ ಅಕ್ಷರ ಹೊತ್ತು ಹಾರಿದ ವಿಮಾನ ಎನ್ ಅಕ್ಷರ ಹೊತ್ತು ಇಳಿದರೆ ಪೈಲಟ್ ಸಾಗರವನ್ನೇ ಬದಲಿಸಿದ್ದಾನೆ ಅಂತ ಅರ್ಥ. ವಿಮಾನದ ಜಾತಿಯೇ ಬದಲಾಗುವುದೂ ಉಂಟು. ಹಾರುವಾಗಲೇ ರೆಕ್ಕೆಯನ್ನು ಹಿಂದಕ್ಕೆ ವಾಲಿಸುವ, ಇಬ್ಬರು ಕೂರುವ ಎಫ್-14 ಹಾರಿ, ಎಫ್/ಎ-18 ಇಳಿಯುತ್ತದೆ. ಅಮೆರಿಕದ ನೌಕಾಪಡೆ ಎಫ್-14ಗೆ 2006ರಲ್ಲಿ ವಿದಾಯ ಹೇಳಿತು. ಅದಕ್ಕಿಂತ ಈಚಿನ ಕಥೆಯಲ್ಲಿ ಅದು ಕಂಡರೆ ಆ ತುಣುಕು ಹಳೆಯದು.

ಇನ್ನೊಂದು ಗುರುತು ತಿರುವುಮುರುವಾದ ಶಾಟ್. ಎರಡು ಹಡಗುಗಳು ಎದುರುಬದುರು ಸಾಗಬೇಕು, ಆದರೆ ಇರುವ ದೃಶ್ಯದಲ್ಲಿ ಎರಡೂ ಒಂದೇ ದಿಕ್ಕಿಗೆ. ಆಗ ಸಂಕಲನಕಾರರು ಒಂದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುತ್ತಾರೆ. ವಿಮಾನವಾಹಕದ ಗೋಪುರ ಬಲಮಗ್ಗುಲಲ್ಲಿ ಇರಬೇಕು. ಅದು ಎಡಕ್ಕೆ ಬಂದರೆ ಶಾಟ್ ತಿರುವಿದ್ದಾರೆ. ರಾತ್ರಿಯಾದರೆ ದೀಪ ನೋಡಿ. ಎಡಮಗ್ಗುಲಿಗೆ ಕೆಂಪು, ಬಲಕ್ಕೆ ಹಸಿರು. ಇದು ಎಲ್ಲ ದೇಶದ ಎಲ್ಲ ಹಡಗಿಗೂ ಒಂದೇ ನಿಯಮ. ಆದರೆ ಎರಡನೇ ಮಹಾಯುದ್ಧದ ಕಥೆ ನೋಡುವಾಗ ಸ್ವಲ್ಪ ತಾಳ್ಮೆ ಇರಲಿ. 1942ರ ಮಿಡ್‌ವೇ ಕದನದಲ್ಲಿದ್ದ ಜಪಾನಿನ ಅಕಾಗಿ ಮತ್ತು ಹಿರ್ಯು ಹಡಗುಗಳಿಗೆ ಗೋಪುರ ನಿಜವಾಗಿಯೂ ಎಡಕ್ಕೇ ಇತ್ತು. ಅಲ್ಲಿ ಎಡಕ್ಕೆ ತೋರಿಸಿದವರು ಓದಿಕೊಂಡು ಬಂದವರು.

ಈಗ ಮೂರು ಪಟ್ಟಿಯ ಕ್ಯಾಪ್ಟನ್. ಇದು ಸರಿ. ಬ್ರಿಟಿಷ್ ನೌಕಾಪಡೆಯಲ್ಲಿ ಮೂರು ಪಟ್ಟಿ ಅಂದರೆ ಕಮಾಂಡರ್, ನಾಲ್ಕು ಅಂದರೆ ಕ್ಯಾಪ್ಟನ್. ಫ್ರಿಗೇಟ್‌ನಂಥ ಹಡಗನ್ನು ಸಾಮಾನ್ಯವಾಗಿ ಕಮಾಂಡರ್ ದರ್ಜೆಯವರೇ ನಡೆಸುತ್ತಾರೆ. ಆದರೆ ಹಡಗಿನ ಮುಖ್ಯಸ್ಥರು ಯಾರೇ ಆಗಲಿ, ಯಾವ ದರ್ಜೆಯೇ ಇರಲಿ, ಆ ಹಡಗಿನ ಜನರಿಗೆ ಅವರೇ ಕ್ಯಾಪ್ಟನ್. ಸಣ್ಣ ಗಸ್ತು ದೋಣಿಯನ್ನು ಎರಡು ಪಟ್ಟಿಯ ಲೆಫ್ಟಿನೆಂಟ್ ನಡೆಸುತ್ತಿದ್ದರೂ ಹಾಗೇ. ಹಡಗುಗಳ ಗುಂಪಿನ ಮುಖಂಡ ಹಡಗಿಗೆ ಮಾತ್ರ ನಾಲ್ಕು ಪಟ್ಟಿಯವರು ಬರುತ್ತಿದ್ದರು. ಪಟ್ಟಿಗಳನ್ನು ನೋಡುವಾಗ ಇನ್ನೊಂದು ವಿವರ ಗಮನಿಸಿ. ಬ್ರಿಟಿಷರ ಮೇಲಿನ ಪಟ್ಟಿಗೆ ಒಂದು ಸುರುಳಿ ಇರುತ್ತದೆ. ಅಮೆರಿಕದ ಯುದ್ಧ ಅಧಿಕಾರಿಗಳಿಗೆ ಸುರುಳಿ ಇಲ್ಲ, ಪಟ್ಟಿಗಳ ಮೇಲೆ ನಕ್ಷತ್ರ ಇರುತ್ತದೆ. ವೇಷಭೂಷಣದವರು ಬಾಡಿಗೆಗೆ ತಂದ ಅಂಗಿ ಯಾವ ದೇಶದ್ದು ಅಂತ ಇದರಿಂದಲೇ ಗೊತ್ತಾಗಿಬಿಡುತ್ತದೆ.

ವಿಚಿತ್ರವಾಗಿ ಕಂಡರೂ ಸರಿ ಇರುವುದರಲ್ಲಿ ನನಗೆ ತುಂಬ ಇಷ್ಟವಾದದ್ದು ಚುಕ್ಕಾಣಿಯ ಆಜ್ಞೆ. 1912ರಲ್ಲಿ ಟೈಟಾನಿಕ್ ಹಡಗಿನ ಬ್ರಿಡ್ಜ್ (ಹಡಗನ್ನು ನಡೆಸುವ ಕಟ್ಟೆ) ಮೇಲಿದ್ದ ಅಧಿಕಾರಿ ಕೊಟ್ಟ ಆಜ್ಞೆ ‘ಹಾರ್ಡ್ ಎ ಸ್ಟಾರ್‌ಬೋರ್ಡ್’, ಅಂದರೆ ಪೂರ್ತಿ ಬಲಕ್ಕೆ. ಹಡಗು ತಿರುಗಿದ್ದು ಎಡಕ್ಕೆ. ಇದನ್ನು ತೆರೆಯ ಮೇಲೆ ನೋಡಿದವರು ದೊಡ್ಡ ತಪ್ಪು ಹಿಡಿದೆವು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಆಗಿನ ಆಜ್ಞೆ ಚಕ್ರಕ್ಕೆ ಕೊಡುತ್ತಿದ್ದುದಲ್ಲ, ಹಳೆಯ ಕಾಲದ ಚುಕ್ಕಾಣಿಯ ಹಿಡಿಗೆ ಕೊಡುತ್ತಿದ್ದುದು. ಹಿಡಿಯನ್ನು ಬಲಕ್ಕೆ ನೂಕಿದರೆ ಚುಕ್ಕಾಣಿ ಎಡಕ್ಕೆ ಹೋಗುತ್ತದೆ, ಹಡಗಿನ ಮೂತಿಯೂ ಎಡಕ್ಕೆ. ಹಿಡಿ ಹೋಗಿ ಚಕ್ರ ಬಂದ ಮೇಲೂ ಮಾತು ಹಾಗೇ ಉಳಿದಿತ್ತು. ಬ್ರಿಟನ್‌ನಲ್ಲಿ ಇದನ್ನು ಬದಲಿಸಿದ್ದು 1933ರಲ್ಲಿ. ಹಾಗಾಗಿ ಮೊದಲ ಮಹಾಯುದ್ಧದ ಬ್ರಿಟಿಷ್ ಹಡಗಿನ ಕಥೆಯಲ್ಲಿ ಬಲ ಅಂದು ಎಡಕ್ಕೆ ತಿರುಗಿಸಿದರೆ ಬರೆದವರಿಗೆ ಮೆಚ್ಚುಗೆ ಕೊಡಿ. ಎರಡನೇ ಮಹಾಯುದ್ಧದ ಕಥೆಯಲ್ಲಿ ಹಾಗೆ ಮಾಡಿದರೆ ಮಾತ್ರ ತಪ್ಪು.

ಗಡ್ಡದ್ದೂ ಇದೇ ಕಥೆ. ಬ್ರಿಟಿಷ್ ನೌಕಾಪಡೆಯಲ್ಲಿ ಪೂರ್ತಿ ಗಡ್ಡಮೀಸೆ ಬಿಡಬಹುದಿತ್ತು, ಬರೀ ಮೀಸೆ ಬಿಡುವ ಹಾಗಿರಲಿಲ್ಲ. ಅಮೆರಿಕದಲ್ಲಿ 1970ರಿಂದ ಗಡ್ಡಕ್ಕೆ ಅವಕಾಶ ಇತ್ತು, 1984ರ ಕೊನೆಗೆ ನಿಂತಿತು. 1978ರ ಕಥೆಯಲ್ಲಿ ಗಡ್ಡದ ಅಮೆರಿಕನ್ ನಾವಿಕ ಇದ್ದರೆ ಸರಿ, 1998ರ ಕಥೆಯಲ್ಲಿ ತಪ್ಪು.

ಇನ್ನು ಕೇಳದೆ ಮಾಡಿದ ತಪ್ಪುಗಳು. ಇವು ನನಗೆ ನಿಜವಾಗಿ ನೋವು ಕೊಡುತ್ತವೆ. ಒಂದು ಫೋನ್ ಮಾಡಿದ್ದರೆ, ಯಾರಾದರೂ ಹಳೆಯ ನಾವಿಕರನ್ನು ವಿಚಾರಿಸಿದ್ದರೆ ತಪ್ಪಿಸಬಹುದಿತ್ತು. ಖರ್ಚೂ ಇಲ್ಲ. ಬಾವುಟ ತಗೊಳ್ಳಿ. ಯುದ್ಧಹಡಗು ಬಂದರಿನಲ್ಲಿ ಕಟ್ಟಿಕೊಂಡಿದ್ದಾಗ ಅಥವಾ ಲಂಗರು ಹಾಕಿದ್ದಾಗ ಮೂತಿಯ ಕಂಬದಲ್ಲಿ ಜ್ಯಾಕ್ ಅನ್ನುವ ಸಣ್ಣ ಬಾವುಟ ಇರುತ್ತದೆ. ಹೊರಟ ತಕ್ಷಣ ಅದನ್ನು ಇಳಿಸುತ್ತಾರೆ. ಸಿಂಗರಿಸಿದ ಹಡಗು ಸಾಗುವ ವಿಶೇಷ ಸಂದರ್ಭ ಬಿಟ್ಟರೆ ನಡುಸಮುದ್ರದಲ್ಲಿ ಅದು ಕಾಣಬಾರದು. ಕಂಡರೆ ಆ ಶಾಟ್ ತೆಗೆದದ್ದು ಬಂದರಿನಲ್ಲಿ. ಜ್ಯಾಕ್‌ನಿಂದ ಇಸವಿಯೂ ತಿಳಿಯುತ್ತದೆ. ಅಮೆರಿಕದ ಹಡಗುಗಳು 2002ರ ಸೆಪ್ಟೆಂಬರ್ 11ರಿಂದ 2019ರ ಜೂನ್‌ವರೆಗೆ ಕೆಂಪು ಬಿಳಿ ಪಟ್ಟಿಯ ಮೇಲೆ ಬುಡುಬುಡಿಕೆ ಹಾವು ಇರುವ ಜ್ಯಾಕ್ ಹಾರಿಸಿದವು. ಅದಕ್ಕೆ ಮೊದಲು ಮತ್ತು ಆಮೇಲೆ ನೀಲಿ ಬಟ್ಟೆಯ ಮೇಲೆ ನಕ್ಷತ್ರ. 2010ರಲ್ಲಿ ನಡೆಯುವ ಕಥೆಯಲ್ಲಿ ನಕ್ಷತ್ರದ ಜ್ಯಾಕ್ ಇದ್ದರೆ ಯಾರೋ ಗಮನಿಸಿಲ್ಲ.

ಲಂಗರು ಹಾಕಿದ ಹಡಗು ಹಗಲಲ್ಲಿ ಮುಂಭಾಗದಲ್ಲಿ ಒಂದು ಕಪ್ಪು ಗೋಳ ಏರಿಸಬೇಕು. ಪೂರ್ತಿ ವೇಗದಲ್ಲಿ ಶತ್ರುವಿನ ಹಿಂದೆ ಓಡುತ್ತಿದೆ ಅನ್ನುವ ಹಡಗಿನಲ್ಲಿ ಆ ಗೋಳ ನೇತಾಡುವುದು, ಲಂಗರಿನ ಸರಪಳಿ ನೀರಿಗೆ ಇಳಿದಿರುವುದು, ಮೂತಿಯ ಹತ್ತಿರ ನೊರೆಯೇ ಇಲ್ಲದಿರುವುದು — ಇಂಥದ್ದನ್ನು ನೋಡಿದರೆ ಕಥೆಯ ಬಿಸಿ ಆರಿಹೋಗುತ್ತದೆ. ಸೆಲ್ಯೂಟ್ ಕೂಡ ಹಾಗೇ. ಬ್ರಿಟಿಷ್ ಸೇನೆಯವರು ಅಂಗೈ ಮುಂದಕ್ಕೆ ಕಾಣುವಂತೆ ಸೆಲ್ಯೂಟ್ ಹೊಡೆಯುತ್ತಾರೆ. ನೌಕಾಪಡೆಯವರ ಅಂಗೈ ಕೆಳಕ್ಕೆ ತಿರುಗಿರುತ್ತದೆ. ತಲೆ ಮೇಲೆ ಟೋಪಿ ಇಲ್ಲದಿದ್ದರೆ ನಾವಿಕರು ಕೈ ಎತ್ತುವುದೇ ಇಲ್ಲ. ಧಾರಾವಾಹಿಯಲ್ಲಿ ನೋಡಿದರೆ ಬರಿತಲೆಯಲ್ಲಿ, ಕೋಣೆಯೊಳಗೆ, ಮಾತು ಮಾತಿಗೂ ಸೆಲ್ಯೂಟ್.

ಕೆಂಪು ದೀಪಕ್ಕೆ ನಿಜವಾದ ಕೆಲಸ ಇದೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಮಂದ ಕೆಂಪು ಬೆಳಕು ಆ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ರಾತ್ರಿ ಪೆರಿಸ್ಕೋಪ್ ನೋಡಬೇಕಾದವರು, ಬ್ರಿಡ್ಜ್‌ಗೆ ಕಾವಲಿಗೆ ಹೋಗಬೇಕಾದವರು ಅದಕ್ಕೇ ಅಂಥ ಬೆಳಕಿನಲ್ಲಿ ಇರುತ್ತಿದ್ದರು. ಅದು ಅಪಾಯದ ಸಂಕೇತ ಅಲ್ಲ. ಹೊರಗೆ ಮಟಮಟ ಮಧ್ಯಾಹ್ನ ಇದ್ದಾಗ, ದಾಳಿ ಶುರುವಾಯಿತು ಅಂತ ಒಳಗೆಲ್ಲ ಕೆಂಪು ಮಾಡುವುದರಲ್ಲಿ ಅರ್ಥವಿಲ್ಲ.

ಕ್ಯಾಮೆರಾಗೋಸ್ಕರ ಮಾಡಿದ ರಾಜಿಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಯುದ್ಧ ಸಿದ್ಧತೆಯಲ್ಲಿ ಬ್ರಿಟಿಷ್ ನಾವಿಕರು ಬೆಂಕಿಯಿಂದ ಕಾಪಾಡುವ ಬಿಳಿ ಮುಸುಕು, ಕೈಗವಸು ತೊಡುತ್ತಾರೆ. ಕಣ್ಣು ಮಾತ್ರ ಕಾಣುತ್ತದೆ. ನಟರು ಅದನ್ನು ಗಲ್ಲದ ಕೆಳಗೆ ಎಳೆದುಕೊಂಡಿರುತ್ತಾರೆ. ಮುಖ ಕಾಣದೆ ನಟನೆ ಮಾಡುವುದು ಹೇಗೆ? ರಾತ್ರಿಯ ಬ್ರಿಡ್ಜ್ ನಿಜದಲ್ಲಿ ಕಗ್ಗತ್ತಲು, ಪಕ್ಕದಲ್ಲಿ ನಿಂತವರನ್ನು ದನಿಯಿಂದ ಗುರುತು ಹಿಡಿಯಬೇಕು. ತೆರೆಯ ಮೇಲೆ ಅದನ್ನು ಹಾಗೇ ತೋರಿಸಲಾಗದು. 2021ರಲ್ಲಿ ಬಂದ ಬಿಬಿಸಿಯ ‘ವಿಜಿಲ್’ನಲ್ಲಿ ಸಬ್‌ಮರೀನ್ ಒಳಗಿನ ದಾರಿಗಳು ನಿಜಕ್ಕಿಂತ ವಿಶಾಲ. ಅದೂ ಕ್ಯಾಮೆರಾ ಓಡಾಡಲಿ ಅಂತ. ಆ ಸರಣಿಯ ಬಗ್ಗೆ ನನ್ನ ತಕರಾರು ಬೇರೆ. ಗಸ್ತಿನಲ್ಲಿರುವ ಅಣ್ವಸ್ತ್ರ ಸಬ್‌ಮರೀನ್‌ಗೆ ಹೆಲಿಕಾಪ್ಟರ್‌ನಿಂದ ಪತ್ತೇದಾರಿಯನ್ನು ಇಳಿಸುತ್ತಾರೆ. 1969ರಿಂದ ಬ್ರಿಟನ್‌ನ ಕನಿಷ್ಠ ಒಂದು ಅಂಥ ಸಬ್‌ಮರೀನ್ ಸದಾ ಸಮುದ್ರದಲ್ಲಿ ಅಡಗಿರುತ್ತದೆ. ಅದು ಎಲ್ಲಿದೆ ಅಂತ ಯಾರಿಗೂ ಗೊತ್ತಾಗಬಾರದು ಅನ್ನುವುದೇ ಅದರ ಇಡೀ ಉದ್ದೇಶ. ಅದು ಸಂದೇಶ ಕೇಳಿಸಿಕೊಳ್ಳುತ್ತದೆ, ತಾನು ಮಾತಾಡುವುದಿಲ್ಲ. ಮನೆಯಿಂದ ಕೆಟ್ಟ ಸುದ್ದಿ ಬಂದರೂ ಸಾಮಾನ್ಯವಾಗಿ ಗಸ್ತು ಮುಗಿಯುವವರೆಗೆ ನಾವಿಕನಿಗೆ ಹೇಳುವುದಿಲ್ಲ. ಇಂಥ ಮೌನದಲ್ಲೇ ಎಷ್ಟೊಂದು ಕಥೆ ಇದೆ! ಅದನ್ನು ಬಿಟ್ಟುಕೊಟ್ಟರಲ್ಲ ಅನ್ನುವುದು ನನ್ನ ಬೇಜಾರು.

ಈಗ ದೂರ ಮತ್ತು ಸಮಯ. ಸಮುದ್ರದ ಮೇಲಿನ ಪ್ರತಿ ನಿರ್ಧಾರವೂ ಇವೆರಡರ ಮೇಲೆ ನಿಂತಿದೆ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್. ಗಂಟೆ ಅನ್ನುವುದು ನಾಟ್‌ನಲ್ಲೇ ಸೇರಿದೆ, ಹಾಗಾಗಿ ‘ಗಂಟೆಗೆ 20 ನಾಟ್’ ಅಂತ ಪಾತ್ರ ಹೇಳಿದರೆ ಆ ಪಾತ್ರ ನಾವಿಕನಲ್ಲ. ಲಿಯಾಂಡರ್‌ನಂಥ ಫ್ರಿಗೇಟ್‌ನ ಗರಿಷ್ಠ ವೇಗ ಸುಮಾರು 28 ನಾಟ್. ಅಂದರೆ ಗಂಟೆಗೆ 52 ಕಿ.ಮೀ. ಹತ್ತಿರ. ‘500 ಮೈಲಿ ದೂರದಲ್ಲಿ ಅಪಾಯದಲ್ಲಿರುವ ಹಡಗಿಗೆ ಸಹಾಯ ಮಾಡಿ’ ಅಂತ ಸಂದೇಶ ಬಂದರೆ ಅಲ್ಲಿಗೆ ಮುಟ್ಟಲು ಸುಮಾರು 18 ಗಂಟೆ ಬೇಕು. ಅದೂ ಸಮುದ್ರ ಶಾಂತವಾಗಿದ್ದರೆ. ಆದರೆ ಧಾರಾವಾಹಿಯಲ್ಲಿ ಕಾಫಿ ಕಪ್ ಇಡುವಷ್ಟರಲ್ಲಿ ತಲುಪಿರುತ್ತಾರೆ.

ವೇಗಕ್ಕೆ ಬೆಲೆಯೂ ಇದೆ. ವೇಗ ಎರಡರಷ್ಟಾಗಬೇಕಾದರೆ ಎಂಜಿನ್ ಶಕ್ತಿ ಸುಮಾರು ಎಂಟರಷ್ಟು ಬೇಕು. ಲಿಯಾಂಡರ್ 15 ನಾಟ್‌ನಲ್ಲಿ ಹೋದರೆ ಸುಮಾರು 4,600 ನಾಟಿಕಲ್ ಮೈಲಿ ಸಾಗಬಲ್ಲದು. ಓಡಿದರೆ ಅದರಲ್ಲಿ ಎಷ್ಟೋ ಭಾಗ ಕರಗಿಹೋಗುತ್ತದೆ. ಹೋಗಿ ಸಹಾಯ ಮಾಡಿ ವಾಪಸ್ ಬರುವಷ್ಟು ಎಣ್ಣೆ ಇದೆಯಾ? ಈ ಪ್ರಶ್ನೆಯಲ್ಲಿ ಒಂದು ಇಡೀ ಕಂತಿನಷ್ಟು ನಾಟಕ ಇದೆ. ಆ 18 ಗಂಟೆಯಲ್ಲಿ ಕ್ಯಾಪ್ಟನ್ ಮಲಗಬೇಕಾ, ಎದ್ದಿರಬೇಕಾ ಅನ್ನುವುದರಲ್ಲೂ ಇದೆ. ದಾರಿಯನ್ನು ಕತ್ತರಿಸಿದವರು ಇದನ್ನೆಲ್ಲ ಕತ್ತರಿಸಿ ಹಾಕುತ್ತಾರೆ.

ದುರ್ಬೀನಿನ ದೃಶ್ಯ ನೋಡಿ. ಕಣ್ಣು ನೀರಿನಿಂದ 16 ಮೀಟರ್ ಎತ್ತರದಲ್ಲಿದ್ದರೆ ಕ್ಷಿತಿಜ ಸುಮಾರು 15 ಕಿ.ಮೀ. ದೂರ. ಅದರಾಚೆಯ ಹಡಗಿನ ಕೆಳಭಾಗ ಭೂಮಿಯ ಬಾಗಿನ ಹಿಂದೆ ಅಡಗಿರುತ್ತದೆ. ದುರ್ಬೀನು ಎಷ್ಟೇ ಒಳ್ಳೆಯದಿರಲಿ, ನೀರಿನ ಗುಡ್ಡದ ಆಚೆ ನೋಡಲಾರದು. ರೇಡಾರ್‌ನಲ್ಲಿ 40 ಮೈಲಿ ಅಂತ ಹೇಳಿ, ಮರುಕ್ಷಣ ಶತ್ರು ಹಡಗಿನ ಡೆಕ್ ಮೇಲೆ ಓಡಾಡುವ ಜನರನ್ನು ದುರ್ಬೀನಿನಲ್ಲಿ ತೋರಿಸಿದರೆ ಅದು ಸಾಧ್ಯವೇ ಇಲ್ಲ.

ನೀರಿನೊಳಗೆ ಓಡಿ ಸಿಡಿಯುವ ಟಾರ್ಪಿಡೊ ಇನ್ನೂ ಸ್ಪಷ್ಟ. 50 ನಾಟ್ ವೇಗದ ಟಾರ್ಪಿಡೊ ಸೆಕೆಂಡಿಗೆ ಸುಮಾರು 26 ಮೀಟರ್ ಹೋಗುತ್ತದೆ. 8 ಕಿ.ಮೀ. ದೂರದ, ನಿಂತ ಹಡಗಿಗೆ ತಾಗಲು ಐದು ನಿಮಿಷದ ಮೇಲೆ ಬೇಕು. ಆ ಹಡಗು ಬೆನ್ನು ಕೊಟ್ಟು 25 ನಾಟ್‌ನಲ್ಲಿ ಓಡಿದರೆ ಹತ್ತು ನಿಮಿಷ ದಾಟುತ್ತದೆ. ಹತ್ತು ನಿಮಿಷ! ಅಷ್ಟರಲ್ಲಿ ತಿರುಗಬಹುದು, ಟಾರ್ಪಿಡೊದ ದಾರಿ ತಪ್ಪಿಸಲು ಶಬ್ದದ ಬಲೆ ಬಿಡಬಹುದು, ತಿರುಗಿ ಹೊಡೆಯಬಹುದು, ಭಯಪಡಬಹುದು. ತೆರೆಯ ಮೇಲೆ ಅರ್ಧ ನಿಮಿಷಕ್ಕೆ ಡಂ ಅಂತ ಸಿಡಿಯುತ್ತದೆ. ಅವಸರ ಮಾಡಿದರೆ ಉದ್ವೇಗ ಹೆಚ್ಚುತ್ತದೆ ಅಂತ ಬರೆಯುವವರು ನಂಬಿದ್ದಾರೆ. ಬರುತ್ತಿದೆ ಅಂತ ಗೊತ್ತಿದ್ದು ಕಾಯುವುದೇ ನಿಜವಾದ ಉದ್ವೇಗ.

ಸೋನಾರ್‌ನ ‘ಪಿಂಗ್’ ನೀವೇ ಮನೆಯಲ್ಲಿ ಕೂತು ಪರೀಕ್ಷೆ ಮಾಡಬಹುದು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಹೋಗಿ, ತಾಗಿ, ವಾಪಸ್ ಬರಬೇಕು. ಶತ್ರು 10 ಕಿ.ಮೀ. ದೂರ ಇದ್ದರೆ ಪಿಂಗ್ ಆದ ಮೇಲೆ ಪ್ರತಿಧ್ವನಿಗೆ 13 ಸೆಕೆಂಡ್ ಕಾಯಬೇಕು. ಧಾರಾವಾಹಿಯಲ್ಲಿ ಒಂದೇ ಸೆಕೆಂಡಿಗೆ ಉತ್ತರ ಬಂದರೆ ಶತ್ರು ಇರುವುದು 750 ಮೀಟರ್‌ನಲ್ಲಿ. ಸಂಭಾಷಣೆಯಲ್ಲಿ ಎಷ್ಟು ದೂರ ಹೇಳಿದರು ಅಂತ ಹೋಲಿಸಿ ನೋಡಿ. ಅದೂ ಅಲ್ಲದೆ, ಪಿಂಗ್ ಮಾಡಿದ ಸಬ್‌ಮರೀನ್ ತಾನೆಲ್ಲಿದ್ದೇನೆ ಅಂತ ಎಲ್ಲರಿಗೂ ಕೂಗಿ ಹೇಳಿದಂತಾಗುತ್ತದೆ. ಅಡಗಿರಬೇಕಾದ ಸಬ್‌ಮರೀನ್ ಬಹುಪಾಲು ಹೊತ್ತು ಸುಮ್ನೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಒಳಗೆ ಇಡೀ ದಿನ ಪಿಂಗ್ ಪಿಂಗ್ ಅನ್ನುವ ಹಿನ್ನೆಲೆ ಶಬ್ದ ಬರೀ ಅಲಂಕಾರ.

ಹಾಯಿಹಡಗಿನ ಕಾಲದ ಕಥೆಗಳಿಗೂ ಇದೇ ಗಡಿಯಾರ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್. ಎರಡು ಕಿ.ಮೀ. ದೂರದ ಹಡಗು ಫಿರಂಗಿ ಹಾರಿಸಿದರೆ ಮೊದಲು ಬೆಂಕಿ ಮತ್ತು ಹೊಗೆ ಕಾಣುತ್ತದೆ, ಆರು ಸೆಕೆಂಡ್ ಆದ ಮೇಲೆ ಸದ್ದು. ಬೆಳಕು, ಸದ್ದು ಒಟ್ಟಿಗೆ ಬಂದರೆ ತಪ್ಪು. ಆ ಕಾಲದ ಗುಂಡು ಬಹುತೇಕ ಗಟ್ಟಿ ಕಬ್ಬಿಣ. ಅದು ಸಿಡಿಯುವುದಿಲ್ಲ. ಅದು ಮರವನ್ನು ಸೀಳುತ್ತದೆ, ಚೂಪಾದ ಚೂರುಗಳು ಜನರನ್ನು ಕೊಲ್ಲುತ್ತವೆ. ತಾಗಿದ ಕಡೆಯೆಲ್ಲ ಬೆಂಕಿಯ ಚೆಂಡು ಏಳುವುದು ಈ ಕಾಲದವರ ಕಲ್ಪನೆ.

ಇಸವಿಯ ತಪ್ಪುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬ್ರಿಟಿಷ್ ಬಾವುಟದಲ್ಲಿ ಕೆಂಪು ಓರೆಪಟ್ಟಿ ಬಂದದ್ದು 1801ರಲ್ಲಿ. 1798ರ ನೈಲ್ ಕದನದ ಕಥೆಯಲ್ಲಿ ಅದು ಇರಬಾರದು, 1805ರ ಟ್ರಫಾಲ್ಗರ್ ಕಥೆಯಲ್ಲಿ ಇರಲೇಬೇಕು. ಅಧಿಕಾರಿಗಳ ಹೆಗಲಿಗೆ ಎಪೊಲೆಟ್ ಅನ್ನುವ ಜರಿಯ ಅಲಂಕಾರ ಬಂದದ್ದು 1795ರಲ್ಲಿ. ಸಾಮಾನ್ಯ ನಾವಿಕರಿಗೆ ಒಂದೇ ಥರದ ಸಮವಸ್ತ್ರ 1857ರವರೆಗೆ ಇರಲಿಲ್ಲ, ಹಾಗಾಗಿ ನೆಲ್ಸನ್ ಕಾಲದ ಹಡಗಿನಲ್ಲಿ ಎಲ್ಲರೂ ಒಂದೇ ಬಟ್ಟೆಯಲ್ಲಿ ಸಾಲಾಗಿ ನಿಂತರೆ ಅನುಮಾನಪಡಿ. 1864ಕ್ಕೆ ಮೊದಲಿನ ಯುದ್ಧಹಡಗಿನ ಮೇಲೆ ಕೆಂಪು ಅಥವಾ ನೀಲಿ ಬಾವುಟ ಕಂಡರೆ ಅದು ಸರಿ. ಬಿಳಿ ಬಾವುಟ ಇಡೀ ನೌಕಾಪಡೆಗೆ ಸೇರಿದ್ದು ಆಮೇಲೆ. ನಾವಿಕರಿಗೆ ದಿನಾ ರಮ್ ಕೊಡುವ ಪದ್ಧತಿ 1970ರ ಜುಲೈ 31ಕ್ಕೆ ಮುಗಿಯಿತು. ‘ವಾರ್‌ಶಿಪ್’ ಕಾಲಕ್ಕೆ ಅದು ಇಲ್ಲ. ಬ್ರಿಟಿಷ್ ಯುದ್ಧಹಡಗುಗಳ ಸಿಬ್ಬಂದಿಯಾಗಿ ಮಹಿಳೆಯರು ಸಮುದ್ರಕ್ಕೆ ಹೋಗಲು ಶುರುವಾದದ್ದು 1990ರಲ್ಲಿ. ಹೀರೋ ಹಡಗಿನಲ್ಲಿ ಎಲ್ಲರೂ ಗಂಡಸರೇ ಯಾಕೆ ಅಂದರೆ ಆಗ ಹಾಗೇ ಇತ್ತು.

ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ಒಂದೇ ಅಭ್ಯಾಸ ಮಾಡಿಕೊಳ್ಳಿ. ಮಾತಾಡುವವರ ಮುಖ ಬಿಟ್ಟು ಹಿನ್ನೆಲೆ ನೋಡಿ. ಹಡಗು ನೇರ ಹೋಗುತ್ತಿದೆ ಅಂದರೆ ಬಿಸಿಲು ಒಂದೇ ಕಡೆಯಿಂದ ಬೀಳಬೇಕು. ನಟರ ನೆರಳು ಒಂದು ಕಟ್‌ಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಹೋದರೆ ಎರಡು ಬೇರೆ ಹೊತ್ತಿನಲ್ಲಿ ತೆಗೆದಿದ್ದಾರೆ. ಕಿಟಕಿಯಾಚೆ ಅಲೆ ಎದ್ದಿದ್ದು, ಹೊರಗಿನ ಶಾಟ್‌ನಲ್ಲಿ ನೀರು ಕನ್ನಡಿಯಂತಿದ್ದರೆ ಒಳಗಿನದು ಸ್ಟುಡಿಯೋ. ಮತ್ತೆ ಆಜ್ಞೆಗಳನ್ನು ಕೇಳಿಸಿಕೊಳ್ಳಿ. ಬ್ರಿಡ್ಜ್ ಮೇಲೆ ಚುಕ್ಕಾಣಿಯ ಪ್ರತಿ ಆಜ್ಞೆಯನ್ನೂ ಚಕ್ರ ಹಿಡಿದವನು ಗಟ್ಟಿಯಾಗಿ ಮರಳಿ ಹೇಳುತ್ತಾನೆ, ಮಾಡಿ ಮುಗಿಸಿದ ಮೇಲೆ ಇನ್ನೊಮ್ಮೆ ಹೇಳುತ್ತಾನೆ. ತಪ್ಪು ಕೇಳಿಸಿಕೊಂಡು ಹಡಗು ಬಂಡೆಗೆ ಹೋಗಬಾರದು ಅಂತ. ಸಮಯ ಉಳಿಸಲು ಧಾರಾವಾಹಿಗಳು ಇದನ್ನು ಬಿಟ್ಟುಬಿಡುತ್ತವೆ. ಬಿಡದೆ ಉಳಿಸಿಕೊಂಡ ಸರಣಿಗಳ ಮೇಲೆ ನನಗೆ ಗೌರವ ಜಾಸ್ತಿ.

ಕೊನೆಯದಾಗಿ, ಕೂತೇ ಮಾಡಿದ ಟೋಸ್ಟ್. ಅದು ಅವಮಾನ ಅಲ್ಲ, ಬ್ರಿಟಿಷ್ ನೌಕಾಪಡೆಯ ಹೆಮ್ಮೆಯ ಹಕ್ಕು. ರಾಜನ ಅಥವಾ ರಾಣಿಯ ಹೆಸರಲ್ಲಿ ಟೋಸ್ಟ್ ಮಾಡುವಾಗ ಹಡಗಿನ ಅಧಿಕಾರಿಗಳು ಕೂತೇ ಇರುತ್ತಾರೆ. ಇದರ ಹುಟ್ಟಿನ ಬಗ್ಗೆ ಹಲವು ಕಥೆಗಳಿವೆ. ಹೆಚ್ಚಿನವು ಹಳೆಯ ಮರದ ಹಡಗುಗಳ ತಗ್ಗು ಛಾವಣಿಯ ಸುತ್ತ ಹೆಣೆದವು, ಎದ್ದರೆ ತೊಲೆಗೆ ತಲೆ ತಾಗುತ್ತಿತ್ತು ಅಂತ. ಎಬ್ಬಿಸಿ ನಿಲ್ಲಿಸಿದ್ದರೆ ಅದೇ ತಪ್ಪಾಗುತ್ತಿತ್ತು. ಆ ದೃಶ್ಯವನ್ನು ಇನ್ನೊಮ್ಮೆ ನೋಡುವುದಾದರೆ ಟೋಸ್ಟ್‌ಗೆ ಮೊದಲು ಪೋರ್ಟ್ ವೈನ್‌ನ ಸೀಸೆ ಯಾವ ಕಡೆ ಹೋಗುತ್ತದೆ ಅಂತ ಗಮನಿಸಿ. ಅದು ಕೈಯಿಂದ ಕೈಗೆ ಯಾವಾಗಲೂ ಎಡಕ್ಕೇ ಸಾಗಬೇಕು. ಒಂದು ಶಾಟ್‌ನಲ್ಲಿ ಎಡಕ್ಕೆ ಹೋದದ್ದು ಮುಂದಿನ ಶಾಟ್‌ನಲ್ಲಿ ಬಲಗಡೆಯವರ ಕೈಯಲ್ಲಿ ಇದ್ದರೆ, ನಿಮಗೆ ನಿಜವಾದ ಕಂಟಿನ್ಯುಟಿ ತಪ್ಪು ಸಿಕ್ಕಿದೆ.